ಕಬ್ಬಿನ ಬಂಡಿಯೇರಿ ಬಂದ ವಿದ್ಯೆ

ವಿದ್ಯೆ ಕೊಟ್ಟಷ್ಟೂ ಬೆಳೆಯುವ ಸಂಪತ್ತು ಎಂದು ನಾವು ಮಾಸ್ತರರು ಹುಡುಗರಿಗೆ ಹೇಳುತ್ತ ಬಂದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಕೊಡುವವನು ಏಕೆ ಕೊಡುತ್ತಾನೆ, ಕೊಳ್ಳುವವನು ಏಕೆ ಕೊಳ್ಳುತ್ತಾನೆ ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಇಪ್ಪತ್ತು ವರ್ಷಗಳಿಂದ ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಹೇಳುತ್ತಿರುವ ನಾನು ಸಂಧಿಸಮಾಸಗಳನ್ನು ಎಷ್ಟು ಹುಡುಗರ ತಲೆಗೆ ತುಂಬಿದೆನೋ ಲೆಕ್ಕವಿಲ್ಲ. ಪರೀಕ್ಷೆಯ ಮರುದಿನ ಅದರಲ್ಲಿ ಎಷ್ಟು ಉಳಿಯಿತೋ ಅದಕ್ಕೂ ಲೆಕ್ಕವಿಲ್ಲ. ಅದೇ ನಮ್ಮೂರು ಹುನ್ನೂರಿನಲ್ಲಿ, ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನ್ನ ಅಣ್ಣ ಹತ್ತು ಹದಿನೈದು ವರ್ಷಗಳಲ್ಲಿ ಕಬ್ಬು ಹಚ್ಚುವ ಪದ್ಧತಿಯನ್ನೇ ಬುಡಮೇಲು ಮಾಡಿಕೊಂಡು ಕುಳಿತಿದ್ದಾನೆ. ಅವನಿಗೆ ಇದನ್ನು ಕಲಿಸಿದವರಾರು? ಶಾಲೆಯಲ್ಲ, ಪುಸ್ತಕವಲ್ಲ. ಕೊಂಚ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ: ಅವನ ಕಬ್ಬನ್ನು ಕೊಳ್ಳುವವರು.

ಅರ್ಥಶಾಸ್ತ್ರ ಹೇಳುವ ಗೆಳೆಯರೊಬ್ಬರ ಮುಂದೆ ಈ ಸೋಜಿಗವನ್ನು ತೋಡಿಕೊಂಡಾಗ, ಅದಕ್ಕೆ ‘ಮೌಲ್ಯ ಸರಪಳಿ’ ಎಂಬ ಹೆಸರಿದೆಯೆಂದು ತಿಳಿಸಿದರು. ಬೀಜದಿಂದ ಹಿಡಿದು ಉಣ್ಣುವವನ ತಾಟಿನವರೆಗೆ ಪದಾರ್ಥ ಕೈಯಿಂದ ಕೈಗೆ ದಾಟುತ್ತದೆ. ದಾಟಿದ ಹಾಗೆಲ್ಲ ಬೆಲೆ ಏರುತ್ತದೆ. ಆ ಕೈಗಳ ಸಾಲೇ ಸರಪಳಿ. ಬಡ ದೇಶಗಳ ಒಕ್ಕಲಿಗರಿಗೆ ಹೊಸ ವಿದ್ಯೆ ಮುಟ್ಟುವುದು ಬಹುಮಟ್ಟಿಗೆ ಈ ಸಾಲಿನ ಮೂಲಕವೇ ಎಂದು ಅವರ ಶಾಸ್ತ್ರ ಹೇಳುತ್ತದಂತೆ. ಶಾಸ್ತ್ರ ಅವರದು, ಶಬ್ದ ಮಾತ್ರ ನನ್ನದು. ಸರಪಳಿಯೆಂದರೆ ಬಾವಿಯಿಂದ ಕೊಡ ಎತ್ತುವುದೂ ಹೌದು, ಎಮ್ಮೆಯನ್ನು ಗೂಟಕ್ಕೆ ಬಿಗಿಯುವುದೂ ಹೌದು. ನಮ್ಮೂರಲ್ಲಿ ಅದು ಎರಡನ್ನೂ ಮಾಡಿದೆ.

ನಮ್ಮ ಸೀಮೆಯ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಎರಡು ಹೊಳೆಗಳ ನಡುವೆ ಇದ್ದೂ ನೀರಿಗಾಗಿ ಹಲುಬಿದ ನೆಲ ಇದು. ನನ್ನ ಚಿಕ್ಕಂದಿನಲ್ಲಿ ಬಾವಿ ಇದ್ದವರ ತೋಟದಲ್ಲಿ ಮಾತ್ರ ಕಬ್ಬು ಕಾಣುತ್ತಿತ್ತು. ಉಳಿದದ್ದೆಲ್ಲ ಜೋಳ. ಕಬ್ಬು ಹೆಚ್ಚಾಗಿ ಗಾಣಕ್ಕೆ ಹೋಗುತ್ತಿತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿಗೆ ಸುಣ್ಣದ ತಿಳಿ ಎಷ್ಟು, ಬೆಂಡೆಗಿಡದ ಲೋಳೆ ಯಾವಾಗ, ಪಾಕ ಬಂದಿತೋ ಇಲ್ಲವೋ ಎಂಬುದನ್ನೆಲ್ಲ ಬಲ್ಲವನು ಊರಿಗೆ ಒಬ್ಬನೋ ಇಬ್ಬರೋ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಿ ಅವನು ‘ಇಳಸ್ರಿ’ ಎಂದರೆ ಇಳಿಸಬೇಕು. ಆ ವಿದ್ಯೆಯನ್ನು ಅವನು ಮಗನಿಗೆ ಹೇಳಿಕೊಟ್ಟಾನು, ನೆರೆಯವನಿಗೆ ಹೇಳಿಕೊಡಲಾರ. ಬೆಲ್ಲ ಮಹಾಲಿಂಗಪುರದ ಪೇಟೆಗೆ ಹೋಗುತ್ತಿತ್ತು. ಅಲ್ಲಿಯ ಅಡತಿ ಅಂಗಡಿಯವರು ಅಪ್ಪನಿಗೆ ಮದುವೆ ಮುಂಜಿಗೆಂದು ಮುಂಗಡ ಕೊಡುತ್ತಿದ್ದರು. ಆದರೆ ‘ಯಾವ ತಳಿ ಹಚ್ಚಿದಿ, ಸಾಲು ಎಷ್ಟು ಅಗಲ ಬಿಟ್ಟಿ’ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಅದೂ ಸರಪಳಿಯೇ, ಅದರಲ್ಲಿ ಹಣ ಹರಿಯಿತು, ವಿದ್ಯೆ ಹರಿಯಲಿಲ್ಲ.

ಏಕೆ ಹರಿಯಲಿಲ್ಲ? ಬೆಲ್ಲ ಕೆಡದೆ ಉಳಿಯುವ ಮಾಲು. ಈ ಪೇಟೆ ಒಲ್ಲದಿದ್ದರೆ ಆ ಪೇಟೆ. ಇವತ್ತು ಬುದ್ಧಿ ಹೇಳಿ ಬೀಜ ಕೊಟ್ಟ ಅಂಗಡಿಗೇ ನಾಳೆ ಬೆಲ್ಲ ಬರುತ್ತದೆಂಬ ನಂಬುಗೆ ಇಲ್ಲ. ಕಬ್ಬಿನ ಮಾತು ಬೇರೆ. ಕಡಿದ ಕಬ್ಬು ಒಂದು ಹಗಲು ಒಂದು ಇರುಳು ಕಳೆಯುವುದರೊಳಗೆ ನುರಿಯಬೇಕು. ಬಿಸಿಲಿಗೆ ಬಿದ್ದಷ್ಟೂ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಹಾಗಾಗಿ ಅದು ಹತ್ತಿರದ ಕಾರಖಾನೆಯ ಬಾಗಿಲಿಗೇ ಹೋಗಬೇಕು. ಎರಡು ಕಾರಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರು ಅಂತರವಿರಬೇಕೆಂದು 2006ರಿಂದ ಕೇಂದ್ರದ ನಿಯಮವೂ ಇದೆ. ಒಕ್ಕಲಿಗ ಎಲ್ಲಿಗೂ ಓಡಿಹೋಗಲಾರ. ಇತ್ತ ಕಾರಖಾನೆಯೂ ಎಲ್ಲಿಂದಲೋ ಕಬ್ಬು ತರಲಾರದು. ಕೋಟಿಗಟ್ಟಲೆ ಹಣ ಸುರಿದು ನಿಲ್ಲಿಸಿದ ಯಂತ್ರ ಹಂಗಾಮಿನಲ್ಲಿ ಒಂದು ದಿನ ನಿಂತರೆ ಮಾಲಕರಿಗೆ ನಿದ್ದೆ ಬರುವುದಿಲ್ಲ. ಈ ಪರಸ್ಪರದ ದಾಕ್ಷಿಣ್ಯದಲ್ಲಿಯೇ ವಿದ್ಯೆ ಹರಿಯಲು ದಾರಿ ಆಯಿತು.

ದಾರಿಗೆ ಮೊದಲು ನೀರು ಬೇಕಾಗಿತ್ತು. ಅದನ್ನು ತಂದವರು ಕಾರಖಾನೆಯವರಲ್ಲ. ಸರಕಾರದ ಹಾದಿ ನೋಡಿ ಬೇಸತ್ತ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರನ್ನು ಮುಂದಿಟ್ಟುಕೊಂಡು, ತಾವೇ ವಂತಿಗೆ ಹಾಕಿ, ತಾವೇ ಮೈಮುರಿದು ದುಡಿದು ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. 1989ರಲ್ಲಿ ಮುಗಿದ ಆ ಕಟ್ಟಡಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇಷ್ಟು ಸಾರ್ಥಕವಾದ ಅಂಕಿತನಾಮ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದುದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಮಾತ್ರ ಅವರು ಕೊನೆಯವರೆಗೂ ‘ಬ್ಯಾರೇಜ ಸಿದ್ದು’ ಆಗಿಯೇ ಉಳಿದರು. ಮುಂದೆ ಹಿಪ್ಪರಗಿಯ ಬ್ಯಾರೇಜೂ ಆಯಿತು. ನೀರು ಬಂದಲ್ಲಿಗೆ ಕಬ್ಬು ಬಂತು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಮುಧೋಳ ಎಂದು ಸುತ್ತಲೂ ಕಾರಖಾನೆಗಳ ಹೊಗೆ ಕಾಣಿಸಿತು. ಸಮೀರವಾಡಿಯಲ್ಲಂತೂ ಸೋಮೈಯಾ ಅವರ ಹೆಸರಿನಲ್ಲಿ ಕೃಷಿ ಸಂಶೋಧನೆಯ ಸಂಸ್ಥೆಯೇ ಕಾರಖಾನೆಯ ಮಗ್ಗುಲಲ್ಲಿದೆ.

ಈ ವಿದ್ಯೆ ನಮ್ಮ ಮನೆಗೆ ಹೇಗೆ ಬಂದಿತೆಂಬುದನ್ನು ಹೇಳಬೇಕು. ಅಪ್ಪನ ಕಾಲದಲ್ಲಿ ಮೂರು ಫೂಟಿಗೊಂದು ಸಾಲು. ಕಬ್ಬನ್ನು ಎರಡು ಮೂರು ಕಣ್ಣಿನ ತುಂಡು ಮಾಡಿ ಸಾಲಿನಲ್ಲಿ ತುದಿಗೆ ತುದಿ ಮುಟ್ಟಿಸಿ ಮಲಗಿಸುವುದು. ಎಕರೆಗೆ ಮೂರು ಟನ್ನಿನ ಮೇಲೆ ಬೀಜವೇ ಬೇಕು. ಕಾರಖಾನೆಯ ಫೀಲ್ಡಮನ್, ನಮ್ಮ ಕಡೆಯದೇ ಹುಡುಗ, ಒಂದು ದಿನ ಬಂದು, ಒಂದೇ ಕಣ್ಣಿನಿಂದ ಬೆಳೆಸಿದ ಸಸಿಯನ್ನು ಐದು ಫೂಟಿನ ಸಾಲಿನಲ್ಲಿ ಎರಡೆರಡು ಫೂಟಿಗೆ ಹಚ್ಚಬೇಕೆಂದ. ಲೆಕ್ಕ ಹಾಕಿದರೆ ಎಕರೆಗೆ 4356 ಸಸಿ, ಅಷ್ಟೇ. ಇದನ್ನು ಹೈದರಾಬಾದಿನ ಸಂಶೋಧಕರು 2009ರಲ್ಲಿ ಒಂದು ಪದ್ಧತಿಯಾಗಿ ಬರೆದಿಟ್ಟಿದ್ದರು. ಅಣ್ಣ ಅದನ್ನು ಓದಿದವನಲ್ಲ. ಅವನು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, “ಸಾಹೇಬ್ರ, ಐದು ಫೂಟ ಬಿಟ್ಟರ ನಡುವ ನಾನೇನು ಎಮ್ಮಿ ಕಟ್ಟಲ್ಯಾ?” ಎಂದನಂತೆ.

ಹುಡುಗ ನಕ್ಕ. “ಬರೇ ಹತ್ತು ಗುಂಟೆ ಬಿಡ್ರಿ ಅಣ್ಣಾರ. ಸಸಿ ನಮ್ಮವು. ರೊಕ್ಕಾ ಈಗ ಬ್ಯಾಡ, ಬಿಲ್ಲಿನ್ಯಾಗ ಮುರಕೋತೇವಿ.”

ವಾಚಕರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು. ‘ಬಿಲ್ಲಿನ್ಯಾಗ ಮುರಕೋತೇವಿ’ ಎಂಬುದರಲ್ಲಿಯೇ ನಮ್ಮ ಗೆಳೆಯರ ಶಾಸ್ತ್ರದ ಅರ್ಧ ಪಾಲು ಅಡಗಿದೆ. ಒಕ್ಕಲಿಗ ಹೊಸತನ್ನು ಒಲ್ಲೆ ಎನ್ನುವುದು ಜಡತನದಿಂದಲ್ಲ. ಕಬ್ಬೆಂದರೆ ಹನ್ನೆರಡು ಹದಿನಾಲ್ಕು ತಿಂಗಳ ಪೈರು. ಒಮ್ಮೆ ಕೆಟ್ಟರೆ ವರ್ಷವೇ ಹೋಯಿತು. ಕೈಯಲ್ಲಿ ಹಣವಿಲ್ಲ, ಸಾಲ ಸಿಕ್ಕರೂ ಮಾಲು ಹೋದೀತೆಂಬ ಧೈರ್ಯವಿಲ್ಲ, ಹೊಲದ ಬದುವಿನ ಮೇಲೆ ನಿಂತು ತೋರಿಸುವವರಿಲ್ಲ. ಹಣ, ಮಾರಾಟ, ಮಾರ್ಗದರ್ಶನ ಈ ಮೂರೂ ಒಂದೇ ಕೈಯಿಂದ ಬಂದಾಗ ಹತ್ತು ಗುಂಟೆ ಬಿಡಲು ಅಣ್ಣನಿಗೆ ಅಡ್ಡಿಯೆನಿಸಲಿಲ್ಲ. ಅಗಲ ಸಾಲಿನೊಳಗೆ ಗಾಳಿ ಬೆಳಕು ಆಡಿ ಒಂದೊಂದು ಬೊಡ್ಡೆಯಲ್ಲಿ ಮರಿಗಳು ಹತ್ತಾರು ಒಡೆದುವು. ಎಡೆ ಹೊಡೆಯಲು ಚಿಕ್ಕ ಟ್ರ್ಯಾಕ್ಟರು ನಡುವೆಯೇ ಓಡಾಡಿತು. ಎರಡು ವರ್ಷಗಳಲ್ಲಿ ಹತ್ತು ಗುಂಟೆ ಮೂರು ಎಕರೆಯಾಯಿತು. ಬದುವಿನ ಆಚೆಯವರೂ ನೋಡಿದರು, ಅವರೂ ಹಚ್ಚಿದರು. ರವದಿಗೆ ಕಡ್ಡಿ ಗೀರುವುದು ನಿಂತಿತು. ಸಾಲಿನ ನಡುವೆ ಅದನ್ನೇ ಹಾಸಿದರು.

ಇನ್ನೊಂದು ಪ್ರಸಂಗ ಇದಕ್ಕೂ ಹಿಂದಿನದು. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿಯ ಕಡೆಯಿಂದ ಬಂದ ಬಿಳಿ ಉಣ್ಣೆ ಹೇನು ನಮ್ಮ ಕಬ್ಬಿನ ಎಲೆಗಳಿಗೆ ಹತ್ತಿತು. ಎಲೆಯ ಅಡಿ ಹಿಟ್ಟು ಬಳಿದಂತೆ ಬೆಳ್ಳಗೆ. ಅಂಟು ಸುರಿದು ಕೆಳಗಿನ ಎಲೆಗಳೆಲ್ಲ ಕಪ್ಪು. ಆಳೆತ್ತರದ ಫಡದೊಳಗೆ ಹೊಕ್ಕು ಔಷಧ ಹೊಡೆಯುವವರಾರು? ಆಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಆ ಹೇನನ್ನೇ ತಿಂದು ಬದುಕುವ ಡೈಫಾ, ಮೈಕ್ರೋಮಸ್ ಎಂಬ ಹುಳುಗಳ ಕಡೆಗೆ ಬೆರಳು ತೋರಿಸಿದರು. ಹುಳು ಬೆಳೆಸುವುದು ವಿದ್ವಾಂಸರ ಕೆಲಸ. ಸಾವಿರಾರು ಹೊಲಗಳಿಗೆ ಮುಟ್ಟಿಸುವುದು ಬಂಡಿ, ಟ್ರ್ಯಾಕ್ಟರು, ಆಳು ಇದ್ದವರ ಕೆಲಸ. ಕಬ್ಬು ಹೋದರೆ ತಾವೂ ಹೋದೆವೆಂದು ತಿಳಿದ ಕಾರಖಾನೆಗಳು ಅದಕ್ಕೆ ಕೈಹಚ್ಚಿದವು. ಹುಳುವಿದ್ದ ಎಲೆಯ ತುಂಡುಗಳನ್ನು ಜನ ಪ್ರಸಾದದಂತೆ ಒಯ್ದು ತಮ್ಮ ಫಡದಲ್ಲಿ ಸಿಕ್ಕಿಸಿದರು. ಹುಳುವನ್ನು ಕೊಲ್ಲಲು ಹುಳುವನ್ನೇ ಸಾಕಬೇಕೆಂಬ ಮಾತನ್ನು ನಮ್ಮೂರ ಜನ ನಂಬುವಂತೆ ಮಾಡಲು ಯಾವ ಉಪನ್ಯಾಸಕ್ಕೂ ಸಾಧ್ಯವಿರಲಿಲ್ಲ.

ಇಷ್ಟಾದರೂ, ಕೊಳ್ಳುವವನು ಕಲಿಸುವ ವಿದ್ಯೆ ಕೊಳ್ಳುವವನಿಗೆ ಬೇಕಾದ ವಿದ್ಯೆಯೇ ಎಂಬುದನ್ನು ಮರೆಯುವಂತಿಲ್ಲ. ಕೊಯಮುತ್ತೂರಿನಲ್ಲಿ 1912ರಷ್ಟು ಹಿಂದೆಯೇ ಹುಟ್ಟಿದ ಕಬ್ಬು ತಳಿ ಸಂಸ್ಥೆಯ 86032 ಎಂಬ ತಳಿ 2000ದಲ್ಲಿ ಹೊರಬಂದಿತು. ಸಕ್ಕರೆಯೂ ಹೌದು, ತೂಕವೂ ಹೌದು. ಕಾರಖಾನೆಗಳು ಅದನ್ನು ಎತ್ತಿ ಆಡಿಸಿದವು. ಆದರೆ ಈಗ ನಮ್ಮ ಹೊಲಗಳಲ್ಲಿ ಕೈಯಿಂದ ಕೈಗೆ ದಾಟಿ ಹಬ್ಬಿರುವ ಇನ್ನೊಂದು ತಳಿ, ಮಹಾರಾಷ್ಟ್ರದ ಪಾಡೇಗಾಂವದಿಂದ ಬಂದ 265. ಅದಕ್ಕೆ ತೂಕ ಹೆಚ್ಚು, ಸವಳು ನೆಲದಲ್ಲೂ ತಾಳುತ್ತದೆ. ಸಕ್ಕರೆ ಮಾತ್ರ ತಡವಾಗಿ ಏರುತ್ತದೆ. ಫೀಲ್ಡಮನ್ ಮುಖ ಕಿವಿಚುತ್ತಾನೆ. ಅಣ್ಣ ಕೇಳುತ್ತಾನೆ: “ನನಗ ರೊಕ್ಕಾ ಬರೂದು ತೂಕಕ್ಕೋ ಸಕ್ಕರಿಗೋ?” ತೂಕಕ್ಕೇ. ಸಕ್ಕರೆಯ ಇಳುವರಿಯ ಮೇಲೆ ದರ ನಿಂತಿದೆಯೆಂಬುದೇನೋ ನಿಜ. ಆದರೆ ಆ ಇಳುವರಿ ಇಡಿಯ ಕಾರಖಾನೆಯ ಸರಾಸರಿ. ಅಣ್ಣ ಒಬ್ಬನೇ ಎಷ್ಟು ಸಿಹಿ ಬೆಳೆದರೂ ಅದು ಊರ ಕೊಪ್ಪರಿಗೆಯಲ್ಲಿ ಕರಗಿಹೋಗುತ್ತದೆ. ಹೀಗಿರುವಾಗ 265 ಹಚ್ಚುವವನನ್ನು ಹಟಮಾರಿಯೆನ್ನುವುದು ನ್ಯಾಯವಲ್ಲ.

ಎಲ್ಲಕ್ಕಿಂತ ದೊಡ್ಡದು ನಂಬುಗೆ. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಸಲ್ಲಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಕೆಲವು ವರ್ಷಗಳ ಹಿಂದೆ ಅಣ್ಣ ಕಬ್ಬು ಕಳಿಸಿದ ಕಾರಖಾನೆ, ಹೆಸರು ಬೇಡ, ಬಿಲ್ಲನ್ನು ಏಳು ತಿಂಗಳು ತಡೆಯಿತು. ಅದೇ ವರ್ಷ ಅವರ ಜನ ಹನಿ ನೀರಾವರಿಯ ಕಾಗದ ಹಿಡಿದು ಬಂದರು. ಯೋಜನೆ ಒಳ್ಳೆಯದು, ಅರ್ಧ ನೀರಿನಲ್ಲಿ ಬೆಳೆ, ಸರಕಾರದ ಸಹಾಯಧನ, ಉಳಿದದ್ದು ಬಿಲ್ಲಿನಲ್ಲಿ. ಅಣ್ಣ, “ಹೋದ ವರ್ಷದ ರೊಕ್ಕಾ ಮೊದಲ ಕೊಡ್ರಿ, ಆಮ್ಯಾಲ ಶ್ಯಾಣ್ಯಾತನ ಹೇಳ್ರಿ” ಎಂದು ಕಳಿಸಿಬಿಟ್ಟ. ಬಿಲ್ಲಿನ ಮೇಲಿನ ನಂಬುಗೆ ಹೋದ ಮೇಲೆ ‘ಬಿಲ್ಲಿನ್ಯಾಗ ಮುರಕೋತೇವಿ’ ಎಂಬ ಮಾತಿಗೆ ಏನು ಬೆಲೆ? 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3500 ರೂಪಾಯಿ ಕೇಳಿ ಹಗಲಿರುಳು ಕುಳಿತರು. ಕೊನೆಗೆ ಸರಕಾರ 3300 ಎಂದಿತು. ಕೇಂದ್ರದ ದರ ಆ ಹಂಗಾಮಿಗೆ ನೂರಕ್ಕೆ 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಎಂದರೆ ಟನ್ನಿಗೆ 3550. ಆದರೆ ಅದರಲ್ಲಿಯೇ ಕಟಾವು, ಸಾಗಣೆಯ ಖರ್ಚು ಕಳೆಯುತ್ತದೆ. ಜಗಳ ದರದ್ದೆಂದು ಪೇಟೆಯ ಜನ ತಿಳಿಯುತ್ತಾರೆ. ನನಗೆ ಅದು ವಿದ್ಯೆಯ ಜಗಳವೂ ಆಗಿ ಕಾಣುತ್ತದೆ. ತಕ್ಕಡಿಯ ಮೇಲೆ ನಂಬುಗೆಯಿಲ್ಲದ ಕಡೆ ತಕ್ಕಡಿಯವನ ಪಾಠವನ್ನು ಯಾರು ಕೇಳುತ್ತಾರೆ?

ಹನಿ ನೀರಾವರಿ ನಮ್ಮ ಹೊಲಕ್ಕೆ ಬರಲು ಹೀಗೆ ಮೂರು ವರ್ಷ ತಡವಾಯಿತು. ಆ ಮೂರು ವರ್ಷ, ಅದಕ್ಕೂ ಹಿಂದಿನ ಎಷ್ಟೋ ವರ್ಷ, ಕಟ್ಟೆ ತುಂಬ ನೀರು ಹಾಯಿಸಿದ್ದರ ಫಲವಾಗಿ ತಗ್ಗಿನಲ್ಲಿದ್ದ ಒಂದು ಎಕರೆ ಸವಳಾಯಿತು. ಬೇಸಗೆಯಲ್ಲಿ ಅದರ ಮೈಮೇಲೆ ಉಪ್ಪು ಬೆಳ್ಳಗೆ ಮೂಡುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಹೂಳುತ್ತದೆ. ಅಪ್ಪ ಬಿಟ್ಟುಹೋದ ನಾಲ್ಕು ಎಕರೆಯಲ್ಲಿ ಅದೊಂದು. ಕೃಷ್ಣಾ ತೀರದಲ್ಲಿ ಇಂಥ ನೆಲ ಎಷ್ಟಿದೆಯೆಂದು ಜಮಖಂಡಿ, ಅಥಣಿಯ ಕಡೆ ತಿರುಗಾಡಿದವರಿಗೆ ಗೊತ್ತು. ಇದಕ್ಕೆ ಮದ್ದಿಲ್ಲವೆಂದಲ್ಲ. ತೂತಿನ ಕೊಳವೆಗಳನ್ನು ನೆಲದೊಳಗೆ ಹೂಳಿ ಉಪ್ಪುನೀರನ್ನು ಹಳ್ಳಕ್ಕೆ ಬಸಿಯಬೇಕು. ಆದರೆ ಈ ವಿದ್ಯೆಯನ್ನು ಹೊತ್ತು ಯಾರೂ ನಮ್ಮ ಬದುವಿಗೆ ಬರಲಿಲ್ಲ. ಬರುವುದಾದರೂ ಏಕೆ? ಬಸಿಗಾಲುವೆ ಕಬ್ಬಿನಂತೆ ತೂಗುವ ಮಾಲಲ್ಲ. ಅದರ ಫಲ ಕಾಣಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಆ ಕಬ್ಬು ಯಾವ ಕಾರಖಾನೆಗೆ ಹೋದೀತೋ! ಸರಪಳಿ ತಾನು ಕೊಳ್ಳುವುದನ್ನು ಕಲಿಸುತ್ತದೆ. ಕೊಳ್ಳದಿರುವುದರ ಬಗ್ಗೆ, ಅದು ಮಣ್ಣೇ ಆಗಿರಲಿ ಜೋಳವೇ ಆಗಿರಲಿ, ಅದಕ್ಕೆ ಬಾಯಿಲ್ಲ.

ಆದರೂ ಕಲಿತ ವಿದ್ಯೆ ಕಲಿಸಿದವನ ಅಂಕೆಯಲ್ಲಿಯೇ ಉಳಿಯುವುದಿಲ್ಲವೆಂಬುದು ಒಂದು ಸಮಾಧಾನ. ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರ್ ದ್ವೀಪದಲ್ಲಿ ಸುಮಾರು 10,000 ಬಡ ಒಕ್ಕಲುಗಳು ಯುರೋಪಿನ ಅಂಗಡಿಗಳಿಗೆಂದು ಹಸಿ ಅವರೆಯಂಥ ಕಾಯಿ ಬೆಳೆಯುತ್ತಿದ್ದರಂತೆ. ಕೊಳ್ಳುವ ಕಂಪನಿ ಅವರಿಗೆ ಕಾಂಪೋಸ್ಟ್ ಗೊಬ್ಬರ ಮಾಡುವುದನ್ನು ಕಡ್ಡಾಯವಾಗಿ ಕಲಿಸಿತು. ಕಾಯಿಯ ಹೊಲಕ್ಕೆಂದು ಕಲಿತದ್ದನ್ನು ಅವರು ತಮ್ಮ ಭತ್ತದ ಗದ್ದೆಗೂ ಹಾಕಿದರು. ಕಂಪನಿಗೆ ಸಂಬಂಧವೇ ಇಲ್ಲದ ಭತ್ತ ಆ ಗದ್ದೆಗಳಲ್ಲಿ ಹೆಚ್ಚು ಬೆಳೆಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ನಮ್ಮಲ್ಲಿಯೂ ಅಷ್ಟೇ. ಕೊನೆಗೂ ಕಬ್ಬಿಗೆಂದು ಬಂದ ಹನಿ ಕೊಳವೆಯನ್ನು ಅಣ್ಣ ಅರಿಸಿಣಕ್ಕೂ ಎಳೆದ. ಅತ್ತಿಗೆ ಹಿತ್ತಲಿನ ಬದನೆಯ ಬುಡಕ್ಕೆ ರವದಿ ಹಾಸಿದಳು. ಯಾವ ಫೀಲ್ಡಮನ್ನೂ ಅವಳಿಗೆ ಹೇಳಿದ್ದಿಲ್ಲ.

ಹೋದ ವರ್ಷ ಆ ಸವಳು ಎಕರೆಯ ಮಾತು ಮನೆಯಲ್ಲಿ ಎದ್ದಿತು. ಅಣ್ಣನ ಮಗ ಅದನ್ನು ಮಾರಿ, ಬಂದ ಹಣವನ್ನು ಕಬ್ಬು ಕಡಿಯುವ ಯಂತ್ರದ ಪಾಲಿಗೆ ಹಾಕೋಣವೆಂದ. ಕಡಿಯುವ ಗ್ಯಾಂಗು ಸಿಗದೆ ಒಣಗುವ ಕಬ್ಬನ್ನು ಕಂಡ ಹುಡುಗ. ಅವನ ಮಾತಿನಲ್ಲಿ ತಿರುಳಿತ್ತು. ಉತಾರದಲ್ಲಿ ನನ್ನ ಹೆಸರೂ ಇರುವುದರಿಂದ ನನ್ನ ಸಹಿ ಬೇಕಿತ್ತು. ಅಣ್ಣ ಏನೂ ಆಡಲಿಲ್ಲ. ರಾತ್ರಿ ಅಂಗಳದಲ್ಲಿ ಮಲಗಿದಾಗ ಮಾತ್ರ, “ತಮ್ಮಾ, ಅಪ್ಪ ಅಲ್ಲೇ ಮೊದಲ ಕಬ್ಬ ಹಚ್ಚಿದ್ದ” ಎಂದ. ಬೆಳಿಗ್ಗೆ ನಾನು ಒಂದು ವರ್ಷ ತಡೆಯೋಣವೆಂದೆ.

ನಮ್ಮ ಎಕರೆಯಿಂದ ಹಳ್ಳಕ್ಕೆ ನೀರು ಬಸಿಯಬೇಕಾದರೆ ನಡುವೆ ಇನ್ನಿಬ್ಬರ ಹೊಲ ದಾಟಬೇಕು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಮೂರು ಸಲ ಕೂಡಿದೆವು. ಒಬ್ಬ ಒಪ್ಪಿದ. ಇನ್ನೊಬ್ಬ, “ನಿಮ್ಮ ಉಪ್ಪ ನನ್ನ ಹೊಲದಾಗ ಯಾಕ ಹಾಯಬೇಕು?” ಎಂದು ಎದ್ದುಹೋದ. ಅವನ ಪ್ರಶ್ನೆಯೂ ಸರಿಯೇ. ಕೊನೆಗೆ, ಅವನ ಹೊಲದ ಭಾಗದಲ್ಲಿ ಮಾತ್ರ ತೂತಿಲ್ಲದ ಗಟ್ಟಿ ಕೊಳವೆ ಹಾಕುವುದು, ತೆಗೆದ ಮಣ್ಣನ್ನು ನಾವೇ ಮುಚ್ಚಿ ಸಮ ಮಾಡಿಕೊಡುವುದು ಎಂದು ಮಾತಾದ ಮೇಲೆ ಅರೆಮನಸ್ಸಿನಿಂದ ತಲೆಯಾಡಿಸಿದ. ಇಳಿಜಾರಿನ ಮಟ್ಟ ಹಿಡಿದುಕೊಟ್ಟವನು ಅದೇ ಫೀಲ್ಡಮನ್ ಹುಡುಗ. ರವಿವಾರ ತನ್ನ ಬೈಕಿನ ಮೇಲೆ ಬಂದಿದ್ದ. “ಇದು ಕಾರಖಾನಿ ಕೆಲಸಲ್ರೀ ಸರ್, ನಾನೂ ಒಕ್ಕಲಗ್ಯಾನ ಮಗ” ಎಂದು ನನಗೆ ಹೇಳಿ, ಚಹಾ ಕುಡಿದು ಹೋದ.

ಬೇಸಗೆಯಲ್ಲಿ ಕೊಳವೆ ಹೂಳಿಯಾಯಿತು. ಮಳೆ ಹಿಡಿದ ಮೇಲೆ ಅದರ ಬಾಯಿಂದ ನೀರು ಬಸಿಯಿತು; ನಾಲಿಗೆಯ ತುದಿಗೆ ಹಚ್ಚಿ ನೋಡಿದರೆ ಉಪ್ಪುಪ್ಪು. ಈಗ ಅಲ್ಲಿ ಕಬ್ಬಿಲ್ಲ. ಹಸಿರು ಗೊಬ್ಬರಕ್ಕೆಂದು ಚೆಲ್ಲಿದ ಡಯಂಚ ಒಂದೊಂದು ಕಡೆ ಮೊಳಕಾಲೆತ್ತರ, ಒಂದೊಂದು ಕಡೆ ಬೋಳು. ನೆಲ ತಿರುಗಲು ಇನ್ನೂ ಮೂರು ಮಳೆಗಾಲವಾದರೂ ಬೇಕೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಯವರೆಗೆ ಮಾರುವ ಮಾತು ಬೇಡವೆಂದು ಅಣ್ಣನ ಮಗನೂ ಒಪ್ಪಿದ್ದಾನೆ. ಮೊನ್ನೆ ನಾನು ಊರಿಗೆ ಹೋದಾಗ, ಕಟ್ಟೆಯಿಂದ ಎದ್ದುಹೋಗಿದ್ದ ಆ ನೆರೆಯವ ಕೊಳವೆಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೀರು ನೋಡುತ್ತಿದ್ದ. ತನ್ನ ಹೊಲದ ಭಾಗದಲ್ಲಿಯೂ ತೂತಿನ ಕೊಳವೆಯನ್ನೇ ಹಾಕಿದ್ದರೆ ಹೇಗಾಗುತ್ತಿತ್ತು, ಈಗ ಕಿತ್ತು ಬದಲಿಸಲು ಎಷ್ಟು ಬಿದ್ದೀತು ಎಂದು ಅಣ್ಣನನ್ನು ಕೇಳಿದ.